ಗ್ರಾಂ ಸಾವಕಾರ್ರು

ಸೊಲ್ಲಾಪುರದಲ್ಲಿ ಭಾರ ಹೊರುವವನಿಗೆ ಮರ್ಯಾದೆ. ಸಂಕ್ರಾಂತಿಯ ಗಡ್ಡಾ ಜಾತ್ರೆಗೆ ಸಿದ್ಧರಾಮೇಶ್ವರನ ಏಳು ನಂದಿಧ್ವಜಗಳನ್ನು ಎತ್ತಿಕೊಂಡು ಅರವತ್ತೆಂಟು ಲಿಂಗಗಳ ಕಡೆ ಹೊರಡುವ ಗಂಡಸರು ಎಷ್ಟೋ ದಿನ ಮೊದಲೇ ತಾಲೀಮು ಶುರು ಮಾಡಿರುತ್ತಾರೆ. ಊರಿನ ಧಂದೆಯೂ ಅದೇ ಜಾಡಿನದು. ಚಾದರ ಕೈಗೆತ್ತಿಕೊಂಡರೆ ಕೈ ಜಗ್ಗಬೇಕು, ಆಗಲೇ ಗಿರಾಕಿ ಬಾಯಿಬಿಡುವುದು. ಟೆರ್ರಿ ಟಾವೆಲ್ಲನ್ನಂತೂ ಚದರ ಮೀಟರಿಗೆ ಇಷ್ಟು ಗ್ರಾಂ ಎಂದು ಹೇಳಿಯೇ ಮಾರುತ್ತಾರೆ. ಇಂಥ ಊರಿನಲ್ಲಿ ಟಾವೆಲ್ಲು ನೇಯಿಸುವ ಮಾಲಕರೊಬ್ಬರು ಭಾರ ಕಳೆಯುವುದನ್ನೇ ವ್ರತವಾಗಿ ಹಿಡಿದಿದ್ದಾರೆ.

ಅವರ ಹೆಸರು ಇಲ್ಲಿ ಬೇಡ. ಬೆನ್ನ ಹಿಂದೆ ಎಲ್ಲರೂ ಗ್ರಾಂ ಸಾವಕಾರ್ರು ಅನ್ನುತ್ತಾರೆ, ಎದುರಿಗೆ ಬರೀ ಸಾವಕಾರ್ರು. ಅಕ್ಕಲಕೋಟ ರಸ್ತೆಯ ಎಂಐಡಿಸಿಯಲ್ಲಿ ಕಾರಖಾನೆ, ಅಕ್ಕಲಕೋಟದಲ್ಲಿ ಅಪ್ಪನ ಕಾಲದ ವಾಡೆ, ನಡುವೆ ಸುಮಾರು 40 ಕಿಲೋಮೀಟರ್. ಲೆಕ್ಕ ಮರಾಠಿಯಲ್ಲಿ, ಜಗಳ ಕನ್ನಡದಲ್ಲಿ. ಸಣಕಲು ಮೈ. ಹೊಟ್ಟೆಯೊಂದು ಇದ್ದಿದ್ದರೆ ಊರವರ ಕೆಲಸ ಸಲೀಸಾಗುತ್ತಿತ್ತು. 'ಮೊದಲ ಅದನ್ನ ಇಳಸ್ರಿ' ಎಂದು ಮಾತು ಮುಗಿಸುತ್ತಿದ್ದರು. ಅವರ ಮೈಮೇಲೆ ಕಳೆಯಲು ಏನೂ ಉಳಿದಿಲ್ಲ, ಅದಕ್ಕೇ ಕಣ್ಣು ಕಾರಿನ ಮೇಲೆ.

ಕಾರು ಪೋರ್ಶೆ ಬಾಕ್ಸ್‌ಟರ್. ಪುಣೆಯಲ್ಲಿ ಯಾರೋ ಆಸೆ ತೀರುವಷ್ಟು ಓಡಿಸಿ ಬಿಟ್ಟದ್ದು. ಬಟ್ಟೆಯ ಚಾವಣಿ, ಸೀಟಿನ ಬೆನ್ನಿಗೇ ಇಂಜಿನ್ನು, ಹೀಗಾಗಿ ಡಿಕ್ಕಿ ಮುಂದೊಂದು, ಹಿಂದೊಂದು. ಮನೆಯಲ್ಲಿ ಹನ್ನೊಂದು ಜನ, ಕಾರಿನಲ್ಲಿ ಎರಡು ಸೀಟು. ಗಾಡಿಗೆ ಕುಂಕುಮ ಹಚ್ಚಲು ಬಂದ ಅವರ ಅವ್ವ ಒಂದು ಸುತ್ತು ಹಾಕಿ, "ಮಂದಿಗಿಂತ ಸಾಮಾನಕ್ಕ ಜಾಗಾ ಹೆಚ್ಚ ಐತಲ್ಲೋ ತಮ್ಮಾ, ಚಲೋ ಆತು ಬಿಡು" ಎಂದರು. ಅವ್ವ ಬಾಯಿಮಾತಿಗೆ ಹಾಗೆ ಅಂದದ್ದಲ್ಲ. ಅಂದಿನಿಂದ ಅಕ್ಕಲಕೋಟದಿಂದ ಹೊರಡುವಾಗೆಲ್ಲ ಮುಂದಿನ ಡಿಕ್ಕಿಗೆ ಜೋಳದ ಹಿಟ್ಟು, ಹಿಂದಿನ ಡಿಕ್ಕಿಗೆ ಕಡಕ ರೊಟ್ಟಿ ಮತ್ತು ಶೇಂಗಾ ಹಿಂಡಿಯ ಸ್ಟೀಲ್ ಡಬ್ಬಿ. ಸಾವಕಾರ್ರು ಹಿಂಡಿಗೆ ತಕರಾರು ಮಾಡುವುದಿಲ್ಲ, ಡಬ್ಬಿಗೆ ಮಾಡುತ್ತಾರೆ. ಪ್ಲಾಸ್ಟಿಕ್ ಚೀಲದಲ್ಲಿ ಕೊಟ್ಟರೆ 700 ಗ್ರಾಂ ಉಳಿಯುತ್ತದಂತೆ.

ಅವರ ಆರಾಧ್ಯ ದೈವ 2010ರ ಬಾಕ್ಸ್‌ಟರ್ ಸ್ಪೈಡರ್. ಪೋರ್ಶೆಯವರು ಇದೇ ಬಾಕ್ಸ್‌ಟರನ್ನು ಅಲ್ಲಿಷ್ಟು ಇಲ್ಲಿಷ್ಟು ಕೆತ್ತಿ 1275 ಕಿಲೋಗೆ ಇಳಿಸಿದ್ದರು. ಅದರಲ್ಲಿ ರೇಡಿಯೋ ಇಲ್ಲ, ಎಸಿ ಇಲ್ಲ. ಬೇಕೆಂದವರು ಬೇರೆಯಾಗಿ ಕೇಳಿ ಹಾಕಿಸಿಕೊಳ್ಳಬೇಕಿತ್ತು. ಒಳಗಿನಿಂದ ಬಾಗಿಲು ತೆರೆಯಲು ಹಿಡಿಕೆ ಕೂಡ ಇಲ್ಲ, ಬಟ್ಟೆಯ ಪಟ್ಟಿ ಎಳೆಯಬೇಕು. ಬಟ್ಟೆಯ ಪಟ್ಟಿ! ಮಗ್ಗದ ಊರಿನವರಿಗೆ ಇದನ್ನು ಹೇಳಿಕೊಡಬೇಕೇ? ಮಂಚಕ್ಕೆ ಬಿಗಿಯುವ ನವಾರ ತಂದು, ಬಾಗಿಲ ಹಿಡಿಕೆ ಬಿಚ್ಚಿಸಿ, ಎರಡೂ ಕಡೆ ಕೆಂಪು ಅಂಚಿನ ತುಂಡು ಹೊಲಿಸಿಬಿಟ್ಟರು. ರೇಡಿಯೋ ಹೋಯಿತು. ಎಸಿಯ ಮಾತು ಬಂದಾಗ ಮಾತ್ರ ಅವರ ಹೆಂಡತಿ, ನಮ್ಮೆಲ್ಲರ ವೈನಿ, ಅಡಿಗೆಮನೆಯಿಂದ ಹೊರಗೆ ಬಂದರು. ಮೇ ತಿಂಗಳ ಸೊಲ್ಲಾಪುರ, 44 ಡಿಗ್ರಿ. "ಎಸಿ ತಗಸ್ರಿ, ಬ್ಯಾಡ ಅನ್ನೂದಿಲ್ಲ. ಅದರ ಜೋಡಿ ನನ್ನ ತೂಕಾನೂ ಕಡಿಮಿ ಆತು ಅಂತ ಬರಕೋರಿ." ಎಸಿ ಉಳಿಯಿತು.

ಆ ಸೋಲಿನ ಸಿಟ್ಟಿನಲ್ಲೇ ಅವರು ಬ್ಯಾಟರಿಗೆ ಕೈ ಹಾಕಿದ್ದು ಅಂತ ನನ್ನ ಗುಮಾನಿ. ಅವರನ್ನು ಕೇಳಿದರೆ 2009ರ ನವೆಂಬರಿನಿಂದ ಕಥೆ ಶುರುವಾಗುತ್ತದೆ. ಆಗ ಪೋರ್ಶೆಯವರು ಜಿಟಿ3 ಮತ್ತು ಸ್ಪೈಡರ್ ಗಾಡಿಗಳಿಗೆ ಲಿಥಿಯಂ ಸ್ಟಾರ್ಟರ್ ಬ್ಯಾಟರಿ ಕೊಡುತ್ತೇವೆಂದು ಸಾರಿದರು. ತೂಕ ಆರು ಕಿಲೋದೊಳಗೆ, ಸೀಸದ ಬ್ಯಾಟರಿಗಿಂತ ಹತ್ತು ಕಿಲೋಗೂ ಹೆಚ್ಚು ಹಗುರ. ಜರ್ಮನಿಯಲ್ಲಿ ಬೆಲೆ 1,904 ಯೂರೋ. ಸಾವಕಾರ್ರು ಕೂಡಲೇ ಭಾಗಾಕಾರ ಮಾಡಿದರು: ಕಳೆದ ಒಂದು ಕಿಲೋಗೆ 190 ಯೂರೋ. ತಾವು ಒಂದು ಕಿಲೋ ಟಾವೆಲ್ಲು ಕೊಟ್ಟು ಎಷ್ಟು ಎಣಿಸಿಕೊಳ್ಳುತ್ತೇವೆಂಬುದು ಅವರಿಗೆ ಗೊತ್ತು. ಇದ್ದ ಮಾಲಿಗಿಂತ ಇಲ್ಲದ ಮಾಲಿಗೆ ಹೆಚ್ಚು ರೊಕ್ಕ ಪಡೆಯುವ ಕಂಪನಿಯ ಮೇಲೆ ಅವರಿಗೆ ಭಕ್ತಿ ಹುಟ್ಟಿದ್ದು ಆ ಲೆಕ್ಕದಿಂದಲೇ.

ಲಿಥಿಯಂ ಅಂದಕೂಡಲೇ ಮನೆಯವರಿಗೆ ನೆನಪಾದದ್ದು ಉಬ್ಬಿ ಸೀಳಿದ ಹಳೇ ಮೊಬೈಲು. ಸಾವಕಾರ್ರು ಎಲ್ಲರನ್ನೂ ಪಡಸಾಲೆಯಲ್ಲಿ ಕೂರಿಸಿ ಪಾಠ ಮಾಡಿದರು. ಇದು ಆ ಜಾತಿಯದಲ್ಲ. ಇದರಲ್ಲಿರುವುದು ಲಿಥಿಯಂ ಐರನ್ ಫಾಸ್ಫೇಟ್. ಕಾಯ್ದರೆ ಅಷ್ಟು ಬೇಗ ಸಿಡಿಮಿಡಿಗೊಳ್ಳುವುದಿಲ್ಲ. ಅಮೆರಿಕದ ಟೆಕ್ಸಾಸ್‌ನಲ್ಲಿ ಜಾನ್ ಗುಡ್‌ಇನಫ್ ಅವರ ಪ್ರಯೋಗಾಲಯದಿಂದ 1997ರಲ್ಲಿ ಇದರ ಪ್ರಬಂಧ ಹೊರಬಂತು, ಅದರ ಮೊದಲ ಹೆಸರೇ ನಮ್ಮ ದೇಶದ ಅಕ್ಷಯ ಪಾಧಿ ಅವರದು. ಗುಡ್‌ಇನಫ್‌ಗೆ 2019ರಲ್ಲಿ ನೊಬೆಲ್ ಬಂದಾಗ 97 ವಯಸ್ಸು. ಅವ್ವ ಎಲ್ಲವನ್ನೂ ಸಾವಧಾನ ಕೇಳಿ, "ಕಬ್ಬಣ, ಫಾಸ್ಫೇಟ. ಒಂದ ಕುಡುಗೋಲಿನಾಗ ಐತಿ, ಒಂದ ಗೊಬ್ಬರದ ಚೀಲದಾಗ ಐತಿ. ಇದಕ್ಕ ಇಷ್ಟ ರೊಕ್ಕ ಯಾಕ?" ಎಂದರು. ನೊಬೆಲ್ ಸಮಿತಿಯವರು ಅಲ್ಲಿದ್ದರೂ ಬಾಯಿ ಬಿಡುತ್ತಿರಲಿಲ್ಲ.

ತಮ್ಮ ಗಾಡಿಗೆ ಬ್ಯಾಟರಿ ಆರಿಸುವಾಗ ಮಾತ್ರ ಅವರೊಳಗಿನ ವ್ಯಾಪಾರಿ ಎಚ್ಚರಾಗಿದ್ದ, ಅದನ್ನು ಒಪ್ಪಬೇಕು. ಮಾರುವವನ ಚೀಟಿಯ ಮೇಲೆ ದಪ್ಪಕ್ಷರದಲ್ಲಿ '60 ಆಂಪಿಯರ್ ಅವರ್ ಇಕ್ವಿವಲೆಂಟ್' ಎಂದಿತ್ತು. ಒಳಗಿನ ನಿಜವಾದ ಸಾಮರ್ಥ್ಯ 20. ಇಂಜಿನ್ನು ತಿರುಗಿಸುವ ಆ ಎರಡು ಸೆಕೆಂಡಿನ ಜೋರಿನಲ್ಲಿ ಇದು 60ರ ಸೀಸದ ಬ್ಯಾಟರಿಗೆ ಸಮ ಅಂತ ಅದರರ್ಥ, ನಿಂತ ಗಾಡಿಯನ್ನು ಅಷ್ಟು ದಿನ ಸಾಕುತ್ತದೆ ಅಂತಲ್ಲ. ಸಾವಕಾರ್ರು ಒಮ್ಮೆಗೇ ಹಿಡಿದರು: "ನಮ್ಮ ಧಂದೇದಾಗ ಕಾಟನ್ ಟೈಪ್ ಅಂತ ಬರೀತೀವಲ್ಲ, ಹಂಗ ಇದು. ಕಾಟನ್ ಅಲ್ಲ." ಹಿಡಿದರು, ನಕ್ಕರು, ಅದನ್ನೇ ಕೊಂಡರು. ಬೀಗ ಹಾಕಿ ನಿಲ್ಲಿಸಿದ ಗಾಡಿಯ ಅಲಾರಮ್ಮು, ಗಡಿಯಾರ ಎಲ್ಲ ಸೇರಿ 40 ಮಿಲಿ ಆಂಪಿಯರ್ ಕುಡಿದರೂ ಇಪ್ಪತ್ತು ದಿನಕ್ಕೆ ತಳ ಕಾಣುತ್ತದೆ. ಆ ಲೆಕ್ಕವನ್ನು ಅವರೇ ಕಾಗದದ ಮೇಲೆ ಮಾಡಿ ತೋರಿಸಿದ್ದರು. ಲೆಕ್ಕ ಬರುವುದಕ್ಕೂ ಅದರಂತೆ ನಡೆಯುವುದಕ್ಕೂ ಸಂಬಂಧವಿದ್ದಿದ್ದರೆ ಸೊಲ್ಲಾಪುರದ ಅರ್ಧ ಮಿಲ್ಲುಗಳು ಇವತ್ತಿಗೂ ಓಡುತ್ತಿದ್ದವು.

ಜೋಡಿಸುವ ಕೆಲಸಕ್ಕೆ ಹೋಟಗಿ ರಸ್ತೆಯ ಮಿಸ್ತ್ರಿಯನ್ನು ಕಾರಖಾನೆಗೇ ಕರೆಸಿದರು, ಯಾಕೆಂದರೆ ನೂಲು ತೂಗುವ ಕಾಟಾ ಇರುವುದು ಅಲ್ಲಿ. ಮುಂದಿನ ಡಿಕ್ಕಿ ಎತ್ತಿ, ಗಾಜಿನ ಬುಡದ ಪ್ಲಾಸ್ಟಿಕ್ ಮುಚ್ಚಳ ತೆಗೆದರೆ ಹಳೇ ಸೀಸದ ಬ್ಯಾಟರಿ ಗದ್ದುಗೆಯ ಮೇಲೆ ಕೂತಿತ್ತು. ಮಿಸ್ತ್ರಿಗೆ ಅದನ್ನು ಕೀಳಲು ಮನಸ್ಸಿಲ್ಲ.

"ಚಲೋ ಐತಲ್ರಿ ಮಾಲಕ್ರ, ಯಾಕ ತಗೀತೀರಿ?"

"ತೂಕ ನೋಡೋ ಅದರದು."

"ತೂಕ ನೋಡೇ ಚಲೋ ಐತಿ ಅಂದೆ ನಾ."

ಮೊದಲು ಮೈನಸ್ಸು ಬಿಚ್ಚಿ, ಆಮೇಲೆ ಪ್ಲಸ್ಸು. ಹಳೇದು ಕಾಟಾದ ಮೇಲೆ 18 ಕಿಲೋ 640. ಹೊಸದು 5 ಕಿಲೋ 820. ಮಗ್ಗ ನಿಲ್ಲಿಸಿ ನೋಡಲು ಬಂದ ಕೆಲಸಗಾರರು ಒಬ್ಬೊಬ್ಬರಾಗಿ ಹೊಸದನ್ನು ಎತ್ತಿ ನೋಡಿದರು. ಒಬ್ಬ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ, ಒಳಗೆ ಏನೂ ಇಲ್ಲವೆಂದು ಅವನ ತೀರ್ಮಾನ. ತೊಂದರೆ ಬಂದದ್ದು ಜಾಗದ್ದು. ದೊಡ್ಡದು ಕೂತಿದ್ದ ತಟ್ಟೆಯಲ್ಲಿ ಸಣ್ಣದು ಅತ್ತಿಂದಿತ್ತ ಸರಿಯತೊಡಗಿತು. ಬ್ಯಾಟರಿ ಬಿಗಿಯಾಗಿ ಕೂರದಿದ್ದರೆ ಅಕ್ಕಲಕೋಟದ ದಾರಿಯ ವಳಸಂಗ ಮುಟ್ಟುವುದರೊಳಗೆ ಟರ್ಮಿನಲ್ಲು ಎಲ್ಲಿಗೋ ತಾಗಿ ಹೋಮವಾಗುತ್ತದೆ. ಮಿಸ್ತ್ರಿ ಸುತ್ತಲೂ ನೋಡಿ, ಊರಿಗೆ ತಕ್ಕ ಉಪಾಯ ಹೇಳಿದ: "ಎರಡ ಟಾವೆಲ್ ಸುತ್ತಿ ತುರುಕೂಣೇನ್ರಿ?" ಸಾವಕಾರ್ರು ಅರೆಗಳಿಗೆ ಯೋಚಿಸಿದರು ಕೂಡ. ಟಾವೆಲ್ಲಿನ ಗ್ರಾಮೇಜು ಅವರಿಗೆ ಬಾಯಿಪಾಠ, ಎರಡಕ್ಕೆ 900 ಗ್ರಾಂ. ಬೇಡವೆಂದರು. ಕೊನೆಗೆ ಅಲ್ಯುಮಿನಿಯಂ ತಗಡು ಕತ್ತರಿಸಿ ಮಡಚಿ ಅಡ್ಡ ಕೊಟ್ಟರು. ಆ ತಗಡಿಗೂ ತೂತು ಕೊರೆಸಿದರು. ಆ ತೂತುಗಳಿಂದ ಬಿದ್ದ ಪುಡಿಯನ್ನು ಕಾಟಾದ ಮೇಲಿಟ್ಟು 11 ಗ್ರಾಂ ಎಂದು ವಹಿಯಲ್ಲಿ ಬರೆದುಕೊಂಡದ್ದನ್ನು ನಾನೇ ನೋಡಿದ್ದೇನೆ.

ಇಂಜಿನ್ನು ಹಚ್ಚಿದಾಗ ಗುಂಡಿನಂತೆ ತಿರುಗಿತು. ಮೀಟರಿನಲ್ಲಿ 14.2 ವೋಲ್ಟ್, 14.6 ದಾಟಬಾರದು, ಸರಿಯಾಗಿಯೇ ಇತ್ತು. ಬ್ಯಾಟರಿ ಬಿಚ್ಚಿದಾಗ ಪಾಠ ಮರೆತಿದ್ದ ಕಿಟಕಿ ಗಾಜುಗಳಿಗೆ ಗುಂಡಿ ಒತ್ತಿಹಿಡಿದು ಮೇಲೆ ಎಲ್ಲಿ ನಿಲ್ಲಬೇಕೆಂದು ಮತ್ತೆ ಕಲಿಸಿದರು. ಇಂಜಿನ್ನು ಹಿಂದಿರುವ ಗಾಡಿಯಾದ್ದರಿಂದ ಅದರ ಕಾವು ಮುಂದಿನ ಬ್ಯಾಟರಿಗೆ ತಟ್ಟುವುದಿಲ್ಲ. ಲಿಥಿಯಮ್ಮಿಗೆ ಚಳಿಯಷ್ಟೇ ಸೆಕೆಯೂ ಆಗದು, ಆ ಮಟ್ಟಿಗೆ ಬಾಕ್ಸ್‌ಟರ್ ಸೊಲ್ಲಾಪುರಕ್ಕೆ ಸರಿಯಾದ ಗಾಡಿಯೇ. ಅಂದು ಸಂಜೆ ಅಕ್ಕಲಕೋಟಕ್ಕೆ ಹೋಗಿ ಬಂದು, ಕುಂಭಾರಿಯ ತಿರುವಿನಲ್ಲಿ ಮೂತಿ ಹಗುರಾಗಿ ತಿರುಗಿದ್ದು ಗೊತ್ತಾಯಿತು ಎಂದರು. ಆ ಹೊತ್ತಿಗೆ ಮುಂದಿನ ಡಿಕ್ಕಿಯಲ್ಲಿ ಅವ್ವ ಇಟ್ಟ ಹತ್ತು ಕಿಲೋ ಜೋಳದ ಹಿಟ್ಟಿತ್ತು.

ಶ್ರಾವಣ ಬಂತು. ಕೆಸರು ಮೆತ್ತಿದರೆ ಗಾಡಿಯ ತೂಕ ಹೆಚ್ಚುತ್ತದೆಂದು ಕಾರನ್ನು ವಾಡೆಯ ಕೊಟ್ಟಿಗೆಯಲ್ಲಿ ಬೀಗ ಹಾಕಿ ನಿಲ್ಲಿಸಿ, ತಾವು ಎಸ್‌ಟಿ ಬಸ್ಸಿನಲ್ಲಿ ಓಡಾಡಿದರು. ತಿಂಗಳು ಮುಗಿಸಿ ಬಂದು ಕೀಲಿಯ ಗುಂಡಿ ಒತ್ತಿದರೆ ಉತ್ತರವಿಲ್ಲ. ಸೀಸದ ಬ್ಯಾಟರಿ ಸಾಯುವಾಗ ನರಳುತ್ತದೆ, ದೀಪ ಮಂಕಾಗುತ್ತದೆ, ನಾಲ್ಕು ದಿನ ಮೊದಲೇ ಸೂಚನೆ ಕೊಡುತ್ತದೆ. ಲಿಥಿಯಂ ಹಾಗಲ್ಲ, ಕೊನೆಯವರೆಗೂ ವೋಲ್ಟೇಜು ಹೆಚ್ಚುಕಡಿಮೆ ಅಷ್ಟೇ ತೋರಿಸಿ, ತಳ ಬಂತೆಂದರೆ ಒಳಗಿನ ಕಾವಲು ಸರ್ಕ್ಯೂಟು ತಾನೇ ಬಾಗಿಲು ಹಾಕಿಕೊಂಡುಬಿಡುತ್ತದೆ. ಬ್ಯಾಟರಿ ಇರುವುದು ಮುಂದಿನ ಡಿಕ್ಕಿಯೊಳಗೆ. ಆ ಡಿಕ್ಕಿ ತೆರೆಯುವುದು ಕರೆಂಟಿನಿಂದ. ಕರೆಂಟು ಬ್ಯಾಟರಿಯಲ್ಲಿ. ಲಿಥಿಯಮ್ಮಿಗೆಂದೇ ತಂದ ಚಾರ್ಜರೂ ಅದೇ ಡಿಕ್ಕಿಯಲ್ಲಿ. ಇದಕ್ಕೊಂದು ಉಪಾಯವಿದೆ, ಕಾರಿನ ಪುಸ್ತಕದಲ್ಲಿ ಬರೆದಿದೆ. ಪುಸ್ತಕ ಸೊಲ್ಲಾಪುರದಲ್ಲಿತ್ತು, ಅದರ ತೂಕ 850 ಗ್ರಾಂ.

ವೈನಿ ಫೋನಿನಲ್ಲಿ ಓದಿ ಹೇಳಿದರು. "ಡ್ರೈವರ್ ಕಾಲ ಇಡೂ ಕಡೆ ಫ್ಯೂಸಿನ ಡಬ್ಬಿ ಐತಂತ. ಅದರಾಗ ಕೆಂಪ ಪಿನ್ ಐತಂತ, ಹೊರಗ ಎಳೀರಿ. ಅದಕ್ಕ ಪ್ಲಸ್ ಕೊಡ್ರಿ. ಮೈನಸ್ ಬಾಗಲದ ಕೊಂಡಿಗಂತ. ಎಸಿ ಪಾನ ಒಂದ ಬ್ಯಾರೆ ಐತಿ, ಅದನ್ನೂ ಓದಲೇನ್ರಿ?" ಪ್ಲಸ್ಸು ಎಲ್ಲಿಂದ ಬರಬೇಕು? ಪಕ್ಕದ ಮನೆಯ ಮುತ್ಯಾನ ಟ್ರ್ಯಾಕ್ಟರಿನಿಂದ. ವಯರು ಮುಟ್ಟಿಸಿದ್ದೇ ತಡ, ಕಳ್ಳ ಬಂದನೆಂದು ತಿಳಿದು ಕಾರಿನ ಅಲಾರಮ್ಮು ಬೊಬ್ಬೆ ಹಾಕಿತು. ಅನ್ನಛತ್ರದ ಕಡೆ ಹೊರಟಿದ್ದ ಭಕ್ತರು ಓಣಿಯೊಳಗೆ ಇಣುಕಿ ನೋಡಿ, ಒಬ್ಬಿಬ್ಬರು ಕೈ ಮುಗಿದು ಹೋದರು.

ಡಿಕ್ಕಿ ತೆರೆಯಿತು. ಟ್ರ್ಯಾಕ್ಟರಿನ ಬ್ಯಾಟರಿಯಿಂದ ಜೀವ ಹರಿದು ಬಾಕ್ಸ್‌ಟರ್ ಎದ್ದಿತು. ಸಾವಕಾರ್ರಿಗೆ ಆ ಹೊತ್ತಿನಲ್ಲೂ ಕೇಳದೆ ಇರಲಾಗಲಿಲ್ಲ.

"ಮುತ್ಯಾ, ನಿಮ್ಮ ಬ್ಯಾಟರಿ ಎಷ್ಟ ಕಿಲೋ ಐತಿ?"

"ತೂಗಿಲ್ಲಪಾ. ಇಬ್ಬರು ಎತ್ತತೀವಿ."

ಅಂದಿನಿಂದ ಹಳೇ ಸೀಸದ ಬ್ಯಾಟರಿ ಹಿಂದಿನ ಡಿಕ್ಕಿಯಲ್ಲಿ ಸಂಚಾರ ಮಾಡುತ್ತಿದೆ. ಜೊತೆಗೆ ಜಂಪರ್ ಕೇಬಲ್ಲು, ಚಾರ್ಜರು, ಮೀಟರು, ಕಾರಿನ ಪುಸ್ತಕ. ಕೇಳಿದವರಿಗೆ ಅವರ ಉತ್ತರ ಸಿದ್ಧ: ಪೋರ್ಶೆಯವರೂ ಲಿಥಿಯಂ ಕೊಂಡವರಿಗೆ ಸೀಸದ್ದೊಂದು ಜೊತೆಗೆ ಕೊಡುತ್ತಿದ್ದರು. ಮಾತು ಖರೆ. ಅವರು ಕೊಟ್ಟದ್ದು ಸೊನ್ನೆ ಡಿಗ್ರಿಯ ಕೆಳಗಿನ ಚಳಿಯಲ್ಲಿ ಬದಲಿಸಿಕೊಳ್ಳಲು, ಒಂದು ಮನೆಯಲ್ಲಿರಲಿ ಅಂತ. ಎರಡನ್ನೂ ಹೇರಿಕೊಂಡು ಓಡಾಡಲು ಅಲ್ಲ.

ಕಬ್ಬಿನ ಸೀಜನ್ನು ಶುರುವಾದಾಗ ಕಾರನ್ನು ಹೆದ್ದಾರಿ ಬದಿಯ ವೇಬ್ರಿಜ್ಜಿಗೆ ಹತ್ತಿಸಿದರು. ಹೋದ ಸೀಜನ್ನಿನಲ್ಲಿ ಬ್ಯಾಟರಿ ಬದಲಿಸುವ ಮೊದಲು ತೂಗಿಸಿದ ಚೀಟಿ ಜೇಬಿನಲ್ಲೇ ಇತ್ತು: 1390. ಹಿಂದೆ ಮುಂದೆ ಕಬ್ಬು ತುಂಬಿದ ಟ್ರ್ಯಾಕ್ಟರುಗಳು, ನಡುವೆ ಕೆಂಪು ಬಾಕ್ಸ್‌ಟರ್. ಒಳಗಿನ ಹುಡುಗ ಗಾಜಿನ ಕಿಂಡಿಯಿಂದ ಚೀಟಿ ಚಾಚಿದ. 1400.

"ಹತ್ತ ಕಿಲೋ ಹೆಚ್ಚ ಹೆಂಗ ಬಂತೋ?"

"ನಮ್ಮ ಕಾಟಾ ಹತ್ತರ ಲೆಕ್ಕದಾಗ ತೋರಸ್ತೈತ್ರಿ. ಹನ್ನೊಂದ ಗ್ರಾಂ, ಹನ್ನೆರಡ ಗ್ರಾಂ ಅದಕ್ಕ ತಿಳಿಯೂದಿಲ್ಲ."

ಹಿಂದಿನ ಟ್ರ್ಯಾಕ್ಟರಿನ ರೈತ ಹಾರ್ನ್ ಹೊಡೆದು ಬೇಸತ್ತು ಇಳಿದು ಬಂದು, ಎರಡೂ ಚೀಟಿ ಇಸಕೊಂಡು ನೋಡಿದ. "ಗಾಡಿ ಹಗುರ ಮಾಡಾಕ ಬ್ಯಾಟರಿ ಯಾಕ ಬದಲಿ ಮಾಡ್ತೀರಿ ಸಾವಕಾರ್ರ? ನಾವು ಹೊಲದಾಗ ಹೇರಿದ ಕಬ್ಬ ಫ್ಯಾಕ್ಟರಿ ಕಾಟಾ ಹತ್ತೂದರಾಗ ತಾನ ಒಂದ ಟನ್ ಇಳೀತೈತಿ. ಏನೂ ಬಿಚ್ಚೂದ ಬ್ಯಾಡ."

ಸುತ್ತಲಿನವರು ಹೊಟ್ಟೆ ಹಿಡಿದು ನಕ್ಕರು. ಸಾವಕಾರ್ರು ನಗಲಿಲ್ಲ. ಜೇಬಿನಿಂದ ವಹಿ ತೆಗೆದು, ಪೆನ್ನಿನ ಟೊಪ್ಪಿಗೆ ಬಿಚ್ಚಿ, "ಯಾವ ಫ್ಯಾಕ್ಟರಿರಿ ಅದು?" ಎಂದು ಕೇಳಿದರು.