ಪೂರ್ವಸ್ವಾಮಿ ಮೀಮಾಂಸೆ: ಗುಡಿಬಂಡೆಯ ಒಂದು ನಾಟಕದ ಪುಸ್ತಕವನ್ನು ಮುಂದಿಟ್ಟುಕೊಳ್ಳದೆ

ಗಡಿನಾಡಿನ ಮುದ್ರಿತ ನಾಟಕಪಠ್ಯಗಳ ಸ್ವಾಮ್ಯಸ್ತರವಿನ್ಯಾಸದಲ್ಲಿ ಅಂತರ್ಗತವಾಗಿರುವ ಹಸ್ತಾಂತರಣಾತ್ಮಕತೆಯನ್ನು ಮರುನಿರ್ವಚಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಕನ್ನಡದಲ್ಲಿ ಹೇಳುವುದಾದರೆ, ಪುಸ್ತಕ ಮೊದಲು ಯಾರ ಹತ್ತಿರ ಇತ್ತು, ಆಮೇಲೆ ಯಾರು ಹೊಡೆದುಕೊಂಡು ಹೋದರು ಎಂದು ನೋಡುವುದು.

ಮೊದಲು ಕಾಲನಿರ್ಣಯ. ವಿಕ್ಟೋರಿಯಾ ಮಹಾರಾಣಿ ಪಟ್ಟಕ್ಕೆ ಬಂದ 1837ರಿಂದ ಕಣ್ಣುಮುಚ್ಚಿದ 1901ರವರೆಗಿನ ನಾಟಕಗಳೆಲ್ಲ ‘ವಿಕ್ಟೋರಿಯಾ ಕಾಲದವು’. ಆ ಲೆಕ್ಕದಲ್ಲಿ ಲಂಡನ್ನಿನ ಆಸ್ಕರ್ ವೈಲ್ಡನೂ ಮೈಸೂರಿನ ಬಸವಪ್ಪ ಶಾಸ್ತ್ರಿಗಳೂ ಒಂದೇ ಪಂಕ್ತಿಯಲ್ಲಿ ಎಲೆ ಹಾಕಿಸಿಕೊಳ್ಳಬೇಕು. ‘ಇಗ್ಗಪ್ಪ ಹೆಗಡೆ ವಿವಾಹ ಪ್ರಹಸನ’ ಬರೆದ ಕರ್ಕಿಯ ಸೂರಿ ವೆಂಕಟರಮಣ ಶಾಸ್ತ್ರಿಗಳೂ ಅಲ್ಲೇ ಕೂರುತ್ತಾರೆ, ಅದು 1887ರದ್ದು.

ಇನ್ನು ಸ್ಥಳನಿರ್ಣಯ. ಇದು ಚಿಕ್ಕಬಳ್ಳಾಪುರದ ಗುಡಿಬಂಡೆ ಅಲ್ಲ, ಮಡಕಶಿರಾ ಸೀಮೆಯದು. ವಿದ್ವಾಂಸರು ಅಡಿಟಿಪ್ಪಣಿಯಲ್ಲಿ ತಪ್ಪದೆ ತಪ್ಪು ಮಾಡುವ ಜಾಗ ಇದು. ಪೂರ್ವಸ್ವಾಮಿಗಳ ವಿಚಾರದಲ್ಲಿ ನಮ್ಮೂರು ಯಾವ ಅಪರೂಪದ ಪುಸ್ತಕಕ್ಕೂ ಕಡಿಮೆಯಿಲ್ಲ. 1882ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಬಿಡಿಸಿ ಅನಂತಪುರಕ್ಕೆ ಕೊಟ್ಟರು. 1953ರಲ್ಲಿ ಮದ್ರಾಸಿನವರು ಆಂಧ್ರಕ್ಕೆ ದಾಟಿಸಿದರು. 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆ ಎಂದು ಹೊಸ ರಟ್ಟು ಹಾಕಿದರು. ಒಳಗಿನ ಪುಟ ಮಾತ್ರ ಅದೇ ಕನ್ನಡ.

ನಮ್ಮ ಮನೆಯಲ್ಲಿದ್ದದ್ದು ಬಸವಪ್ಪ ಶಾಸ್ತ್ರಿಗಳ ‘ಶೂರಸೇನ ಚರಿತ್ರೆ’. ಶೇಕ್ಸ್‌ಪಿಯರನ ಒಥೆಲೊಗೆ ಪೇಟ ಸುತ್ತಿಸಿ ಶೂರಸೇನನನ್ನು ಮಾಡಿದ ನಾಟಕ. ಮುಖಪುಟವೂ ಇರಲಿಲ್ಲ, ಮೊದಲ ಎರಡು ಹಾಳೆಯೂ ಇರಲಿಲ್ಲ. ಆದರೂ ಬಂದ ವಿದ್ವಾಂಸರು ಮುಟ್ಟಿದ ಕೂಡಲೇ ‘ಪ್ರಥಮ ಮುದ್ರಣ!’ ಎಂದರು. ಹೇಗೆ ತಿಳಿಯಿತೆಂದು ಕೇಳಿದೆ. ಕಾಗದದ ವಾಸನೆ ಎಂದರು. ಅದು ನಮ್ಮ ಅಟ್ಟದ ವಾಸನೆ; ಪಕ್ಕದಲ್ಲೇ ಇದ್ದ ಕಡ್ಲೆಕಾಯಿ ಚೀಲಕ್ಕೂ ಅದೇ ಮುದ್ರಣದ ವಾಸನೆ ಇತ್ತು.

ಪೂರ್ವಸ್ವಾಮಿಗಳಲ್ಲಿ ಹನ್ನೊಂದು ವಿಧ.

ಒಂದು, ಲಿಖಿತಸ್ವಾಮಿ. ಪುಸ್ತಕದ ತುಂಬ ಹೆಸರು ಬರೆದುಕೊಂಡವನು. ನಮ್ಮ ಪ್ರತಿಯಲ್ಲಿ ಏಳು ಕಡೆ ಒಂದೇ ಹೆಸರು, ಭಾಷೆ ಕನ್ನಡ, ಲಿಪಿ ತೆಲುಗು. ವಿದ್ವಾಂಸರು ಇದನ್ನು ‘ದ್ವಿಲಿಪ್ಯಾತ್ಮಕ ಅಸ್ಮಿತಾ ಸಂಘರ್ಷ’ ಎಂದು ಗುರುತು ಹಾಕಿಕೊಂಡರು. ಸಂಘರ್ಷವೇನೂ ಇಲ್ಲ, ಸ್ವಾಮಿ. ಇಸ್ಕೂಲಿನಲ್ಲಿ ಯಾವ ತಲೆಕಟ್ಟು ಕಲಿಸಿದರೋ ಅದನ್ನೇ ಹಾಕಿದ್ದಾನೆ.

ಎರಡು, ಭುಕ್ತಸ್ವಾಮಿ. ಹೆಸರಿಲ್ಲ, ಎಲೆಅಡಿಕೆ ಕಲೆ ಇದೆ. ಇವರು ಹಾರ್ಮೋನಿಯಂ ಮೇಷ್ಟ್ರು. ನಾಯಕನ ಗಂಟಲಿಗೆ ಏರದ ಪದಗಳಿಗೆಲ್ಲ ಅಡ್ಡಗೀಟು ಎಳೆದಿದ್ದರು. ಒಂದು ಕಡೆ ‘ಇಲ್ಲಿ ಪರದೆ, ಬೇಗ’ ಎಂದು ಬರೆದಿದ್ದರು. ಆ ‘ಬೇಗ’ದಲ್ಲಿ ಒಂದು ಇಡೀ ರಾತ್ರಿಯ ಅವಮಾನ ಇದೆ, ಪಾಠಾಂತರ ಹುಡುಕುವವರಿಗೆ ಅದು ಕಾಣುವುದಿಲ್ಲ.

ಮೂರು, ಲೆಕ್ಕಸ್ವಾಮಿ. ಇವರು ನಮ್ಮ ತಾತ. ಕೊನೆಯ ಖಾಲಿ ಹಾಳೆಯಲ್ಲಿ ಹುಣಸೆಹಣ್ಣು ಮಾರಿದ್ದು, ಎತ್ತಿಗೆ ಲಾಳ ಹೊಡೆಸಿದ್ದು, ಪರದೆ ಬಾಡಿಗೆಯ ಬಾಕಿ. ಅದರ ಕೆಳಗೆ ಮನೆಯಲ್ಲಿ ಹುಟ್ಟಿದ ಮಕ್ಕಳ ತಿಥಿ, ವಾರ, ನಕ್ಷತ್ರ. ನಾಟಕದ ಪುಸ್ತಕವೇ ನಮ್ಮ ಮನೆಯ ಜನನ ರಿಜಿಸ್ಟರು.

ಹನ್ನೊಂದು ಎಂದಿದ್ದೆ. ನಾಲ್ಕನೆಯದಕ್ಕೇ ಶಾಸ್ತ್ರ ಮುಗಿಯುತ್ತದೆ, ಏಕೆಂದರೆ ನಾಲ್ಕನೆಯವರು ಕಾರಿನಲ್ಲಿ ಬಂದರು.

ಲಂಡನ್ನಿನಲ್ಲಿ ಥಾಮಸ್ ವೈಸ್ ಎಂಬ ಮಹಾಸಂಗ್ರಾಹಕನಿದ್ದ. ಪ್ರಥಮ ಮುದ್ರಣಗಳಿಗೆ ಅವನ ಮಾತೇ ಪ್ರಮಾಣ. ಅವನು ಪ್ರಮಾಣೀಕರಿಸಿದ ಹಲವು ‘ಪ್ರಥಮ ಮುದ್ರಣ’ಗಳು ನಕಲಿ ಎಂದು ಕಾರ್ಟರ್ ಮತ್ತು ಪೊಲಾರ್ಡ್ ಎಂಬ ಇಬ್ಬರು 1934ರಲ್ಲಿ ತೋರಿಸಿದರು. ಅವನು ಸತ್ತ ಮೇಲೆ ಇನ್ನೊಂದು ಬಯಲಾಯಿತು: ತನ್ನ ಹಳೆಯ ನಾಟಕಗಳಲ್ಲಿ ಕಡಿಮೆಯಿದ್ದ ಹಾಳೆಗಳನ್ನು ಬ್ರಿಟಿಷ್ ಮ್ಯೂಸಿಯಮ್ಮಿನ ಪ್ರತಿಗಳಿಂದ ಕಿತ್ತುಕೊಂಡಿದ್ದ. ನಮ್ಮವರು ಅಷ್ಟು ಶ್ರಮ ಪಡಲಿಲ್ಲ. ಇಡೀ ಪುಸ್ತಕವನ್ನೇ ಚೀಲಕ್ಕೆ ಹಾಕಿಕೊಂಡರು. ‘ಜೆರಾಕ್ಸ್ ಮಾಡಿಸಿ ನಾಳಿದ್ದೇ ತಂದುಕೊಡ್ತೀನಿ, ಯಜಮಾನ್ರೇ’ ಎಂದರು. ನಮ್ಮಪ್ಪ ಅವರಿಗೆ ಕಾಫಿ ಕೊಟ್ಟು, ಪುಸ್ತಕಕ್ಕೆ ಬಟ್ಟೆ ಸುತ್ತಿಕೊಟ್ಟರು.

ಆ ನಾಳಿದ್ದು ಇನ್ನೂ ಬಂದಿಲ್ಲ. ಅವರ ಗ್ರಂಥ ಬಂದಿದೆ. ಅದರಲ್ಲಿ ನಮ್ಮ ಪುಸ್ತಕದ ಚಿತ್ರವಿದೆ, ಅಡಿಯಲ್ಲಿ ‘ಕೃಪೆ: ಲೇಖಕರ ಖಾಸಗಿ ಸಂಗ್ರಹ’ ಎಂದಿದೆ.

ಖಾಸಗಿ! ಇಡೀ ಊರು ಎಡತಾಕಿ, ಎಂಜಲು ಬೆರಳಲ್ಲಿ ಮಗುಚಿ, ಬೆಳತನಕ ಪೆಟ್ರೋಮ್ಯಾಕ್ಸ್ ಬೆಳಕಲ್ಲಿ ಬಾಯಿಪಾಠ ಮಾಡಿದ ಪುಸ್ತಕ ಅದು. ಮೂವತ್ತು ಜನರ ಬೆವರು ಒಬ್ಬರ ಗಾಜಿನ ಬೀರುವಿನಲ್ಲಿ ಖಾಸಗಿ ಆಯಿತು. ನಮ್ಮಂಥ ಊರುಗಳು ಇವರಿಗೆ ‘ಕ್ಷೇತ್ರ’. ಕೊಯ್ಲು ಮುಗಿದ ಮೇಲೆ ಹೊಲದ ಕಡೆ ಯಾರು ನೋಡುತ್ತಾರೆ?

ಒಥೆಲೊ ನಾಟಕವೇ ಕೈಬದಲಿಯ ಕಥೆ. ಒಂದು ಕರವಸ್ತ್ರ ಹೆಂಡತಿಯ ಕೈಯಿಂದ ಗೆಳತಿಗೆ, ಗೆಳತಿಯಿಂದ ಇಯಾಗೊಗೆ, ಅವನಿಂದ ಇನ್ನೊಬ್ಬನ ಕೋಣೆಗೆ ಹೋಗಿ, ಕೊಲೆಯಲ್ಲಿ ಮುಗಿಯುತ್ತದೆ. ಅದರ ಪೂರ್ವಸ್ವಾಮಿ ಯಾರೆಂಬುದರಲ್ಲೂ ಒಮ್ಮತವಿಲ್ಲ. ಈಜಿಪ್ಟಿನವಳೊಬ್ಬಳು ತನ್ನ ತಾಯಿಗೆ ಕೊಟ್ಟದ್ದು ಎಂದು ಒಥೆಲೊ ಒಮ್ಮೆ ಹೇಳುತ್ತಾನೆ, ತಂದೆ ತಾಯಿಗೆ ಕೊಟ್ಟದ್ದು ಎಂದು ಕೊನೆಯಲ್ಲಿ ಹೇಳುತ್ತಾನೆ. ವಿದ್ವಾಂಸರೇ, ನೀವು ಒಂದೇ ಕಥೆ ಹೇಳಿ ದಕ್ಕಿಸಿಕೊಂಡಿರಿ.

ನಾಟಕ ನಿಮ್ಮಲ್ಲೇ ಇರಲಿ. ಪ್ರಥಮ ಮುದ್ರಣವೆಂಬ ಕೀರ್ತಿಯೂ ಇರಲಿ. ಕೊನೆಯ ಹಾಳೆಯಲ್ಲಿ, ಹುಣಸೆಹಣ್ಣಿನ ಲೆಕ್ಕದ ಕೆಳಗಿನಿಂದ ಮೂರನೆಯ ಸಾಲು ನಮ್ಮಪ್ಪನದು. ಅವರಿಗೆ ವಯಸ್ಸಾಗಿದೆ, ತನ್ನ ನಕ್ಷತ್ರ ಯಾವುದೆಂದು ಕೇಳುತ್ತಿರುತ್ತಾರೆ. ಆ ಒಂದು ಹಾಳೆಯ ಫೋಟೊ ತೆಗೆದು ಕಳಿಸಿ. ವಿಳಾಸ ನಿಮಗೆ ಗೊತ್ತಿದೆ.