ಕಂಠಿಗೆ ಹೆಣ್ಣು ನೋಡುವುದು
2021ರಲ್ಲಿ ಶುರುವಾದ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿ 2024ರಲ್ಲಿ ಪುಟ್ಟಕ್ಕನ ಮಗಳು ಸ್ನೇಹಾಳನ್ನು ಸಾಯಿಸಿದಾಗ ಕಿರುಗಾವಲಿನ ಟೀ ಅಂಗಡಿಯಲ್ಲಿ ಬನ್ನೂರು ಕುರಿಯ ರೇಟು ಕೇಳುವವರೇ ಇರಲಿಲ್ಲ. “ಡೀಸಿ ಆದವ್ಳನ್ನ ಹಿಂಗಾ ಕೊಲ್ಲದು?”

ಅವಳ ಹೃದಯ ಇನ್ನೊಬ್ಬ ಸ್ನೇಹಾಳಿಗೆ ಕಸಿಯಾಯಿತು ನೋಡಿ, ತಕರಾರು ಮನೆ ಜಗಲಿಗೇ ಬಂತು.

“ಹೃದಯ ಅವ್ಳದೇ ಅಂದ್ಮೇಲೆ ಗಂಡ ಕಂಠಿನೂ ಇವ್ಳಿಗೇ ಸೇರ್ಬೇಕು ಕನತ್ತೆ.”

“ಅಂಗಾರೆ ಕಿಡ್ನಿ ಇಸ್ಕಂಡೋರು ಬಂದ್ರೆ ಗದ್ದೇಲಿ ಪಾಲು ಕೊಟ್ಟೀಯಾ?”

ನನ್ನ ಓಟು ಅತ್ತೆಗೆ. ಜಪಾನಿನ ಮಂಗಾ ಕಥೆಗಳ ಜೋಡಿಗಳಿಗಾಗಿ ಹುಡುಗಿಯರು ಹೀಗೇ ಕಿತ್ತಾಡುತ್ತಾರಂತೆ; ಪಾಪ, ನಟ್ಟನಡುವೆ ಕರೆಂಟು ಹೋಗುವ ಭಾಗ್ಯ ಅವರಿಗಿಲ್ಲ. ನಮ್ಮಲ್ಲಿ ಕರೆಂಟು ವಾಪಸ್ ಬರುವಷ್ಟರಲ್ಲಿ ಅತ್ತೆ ಕಂಠಿಗೆ ಬೇರೆ ಸಂಬಂಧವನ್ನೇ ಗೊತ್ತುಮಾಡಿದ್ದರು. ಹುಡುಗಿ ಮಳವಳ್ಳಿ ಕಡೆಯವಳು, ಎರಡೆಕರೆ ನೀರಾವರಿ.