ಬಿಡೋದು ಯಾವುದು, ಬೇಯಿಸೋದು ಯಾವುದು

ಕರುಳು ಕೇಳಿಕೊಂಡು ಹೋದವರಿಗೆಲ್ಲ ನಮ್ಮೂರ ಕೋಳಿ ಅಂಗಡಿಯವನದು ಒಂದೇ ಪ್ರಶ್ನೆ: “ನಾಯಿಗೋ, ಕೆರೆಗೋ?” ನಾಯಿಗೆ ಅಂದರೆ ಪುಕ್ಕಟೆ. ಕೆರೆಗೆ ಅಂದರೂ ಪುಕ್ಕಟೆಯೇ, ಆದರೆ ಬಿದ್ದ ಮೀನಿನಲ್ಲಿ ಅವನಿಗೊಂದು ಪಾಲು. ವಾರವೆಲ್ಲ ಕೋಳಿ ಕತ್ತರಿಸುವವನಿಗೆ ಭಾನುವಾರ ಮನೆಯಲ್ಲೂ ಕೋಳಿಯ ಮುಖ ನೋಡುವುದು ಬೇಡವಾಗಿರುತ್ತದೆ.

ಗಾಳ ಹಾಕುವವರಲ್ಲೂ ಮಡಿ ಮೈಲಿಗೆ ಇದೆ. ಕಟ್ಲಾ, ರೋಹುಗೆ ಕೂರುವವರು ಮೈದಾ, ಕಡಲೆಕಾಯಿ ಹಿಂಡಿ ಕಲಸಿ, ಕೆಲವರಂತೂ ಏಲಕ್ಕಿ ಪುಡಿಯನ್ನೂ ಉದುರಿಸಿ ಉಂಡೆ ಕಟ್ಟುತ್ತಾರೆ. ನೈವೇದ್ಯಕ್ಕಿಟ್ಟರೂ ದೇವರು ಬೇಡವೆನ್ನಲಾರ. ಮೀಸೆ ಮೀನಿನ ಹಿಂದೆ ಬಿದ್ದ ನಾನು ಕೆರೆ ಏರಿಯ ಮೇಲೆ ಬಂದರೆ ಅವರು ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂದು ನೋಡಿ ಜಾಗ ಬದಲಾಯಿಸುತ್ತಾರೆ.

ತಪ್ಪು ನನ್ನದಲ್ಲ, ಮೀನಿನದು. ಮೀಸೆ ಮೀನಿಗೆ ಹುರುಪೆ ಇಲ್ಲ, ಬರೀ ಲೋಳೆ ಚರ್ಮ. ಆ ಚರ್ಮದ ಮೇಲೆ ಮೀಸೆಯ ತುದಿಯಿಂದ ಬಾಲದವರೆಗೂ ರುಚಿಮೊಗ್ಗುಗಳು. ಅಮೆರಿಕದ ಚಾನಲ್ ಕ್ಯಾಟ್‌ಫಿಶ್ ಮೈಮೇಲೆ ಇವು ಲಕ್ಷಕ್ಕೂ ಮಿಕ್ಕಿ ಇವೆಯಂತೆ. ನಮ್ಮ ನಾಲಿಗೆಯ ಮೇಲಿರುವುದು ಕೆಲವೇ ಸಾವಿರ. ಅಂದರೆ ಅದು ಮೈಯೆಲ್ಲ ನಾಲಿಗೆಯಾದ ಪ್ರಾಣಿ. ಕೆಸರು ನೀರಿನಲ್ಲಿ ಕಣ್ಣು ಕಾಣದಿದ್ದರೇನು, ಕೊಳೆಯುತ್ತಿರುವ ಮಾಂಸದಿಂದ ನೀರಿಗಿಳಿಯುವ ಅಮೈನೋ ಆಮ್ಲಗಳ ಜಾಡು ಹಿಡಿದು ಕತ್ತಲಲ್ಲೂ ಬರುತ್ತದೆ. ಅದಕ್ಕೆ ಏಲಕ್ಕಿ ತೋರಿಸಿ ಏನು ಪ್ರಯೋಜನ?

ಎಲ್ಲರೂ ಒಪ್ಪುವ ಎರೆ ಎಂದರೆ ಎರೆಹುಳವೇ. ಬಚ್ಚಲು ನೀರು ಹರಿಯುವ ಬಾಳೆಬುಡದಲ್ಲಿ ಅಗೆದರೆ ದಪ್ಪನಾದವು ಸಿಗುತ್ತವೆ. ಬೇಸಿಗೆಯಲ್ಲಿ ಅಲ್ಲಿ ಸಿಗದಿದ್ದಾಗ ಕಣ್ಣು ಎರೆಗೊಬ್ಬರದ ತೊಟ್ಟಿಯ ಕಡೆ ಹೋಗುವುದು ಸಹಜ. ಆದರೆ ಆ ತೊಟ್ಟಿ ನನ್ನ ಹೆಂಡತಿಯ ಸುಪರ್ದಿನಲ್ಲಿದೆ. “ರೈತನ ಮಿತ್ರ ಅಂತ ಮಕ್ಕಳಿಗೆ ಪಾಠ ಹೇಳ್ತೀರಿ, ಮಿತ್ರನ್ನ ಗಾಳಕ್ಕೆ ಚುಚ್ಚೋಕೆ ಹೊರಟ್ರಾ?” ಎಂದಳು. ಮೇಷ್ಟ್ರಾಗಿದ್ದವನು ಉತ್ತರ ಕೊಡಲಾಗದ ಪ್ರಶ್ನೆ ಅದು.

ಹಾಗಾಗಿ ಕೋಳಿಗೆ ಶರಣು. ಕರುಳು ಗಾಳದಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಲಿವರ್‌ನ ವಾಸನೆ ಅದಕ್ಕಿಂತ ಬೇಗ ಹರಡುತ್ತದೆ, ಆದರೆ ಮೆತ್ತಗೆ. ಕೋಲು ಬೀಸಿದರೆ ಗಾಳ ಒಂದು ಕಡೆ, ಲಿವರ್ ಇನ್ನೊಂದು ಕಡೆ, ಒಮ್ಮೊಮ್ಮೆ ಪಕ್ಕದವರ ಅಂಗಿಯ ಮೇಲೆ. ಉಪ್ಪು ಸವರಿ ಒಂದು ರಾತ್ರಿ ಇಟ್ಟರೆ ನೀರು ಬಿಟ್ಟು ಬಿಗಿಯಾಗುತ್ತದೆ, ಮೇಲೆ ಹೊಲಿಗೆ ದಾರ ಸುತ್ತಿದರೆ ಇನ್ನೂ ಒಳ್ಳೆಯದು. ಆ ಒಂದು ರಾತ್ರಿ ಅದನ್ನು ಎಲ್ಲಿ ಇಡಬೇಕು ಎಂಬುದು ಮೀನುಗಾರಿಕೆಯ ವಿಷಯವಲ್ಲ, ಸಂಸಾರದ್ದು. ಫ್ರಿಜ್ಜು ಅಲ್ಲ ಎಂದಷ್ಟೇ ಹೇಳಬಲ್ಲೆ.

ಅಮೆರಿಕದಲ್ಲಿರುವ ಅಕ್ಕನ ಮಗನಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿದರೆ, “ಮಾವ, ಇಲ್ಲಿ ಬಟ್ಟೆ ಸೋಪು ಕತ್ತರಿಸಿ ಚುಚ್ಚುತ್ತಾರೆ” ಎಂದ. ತಮಾಷೆ ಅಂದುಕೊಂಡೆ. ನಿಜವಂತೆ: ಪ್ರಾಣಿ ಕೊಬ್ಬಿನಿಂದ ಮಾಡಿದ ಸೋಪಿಗೆ ಕ್ಯಾಟ್‌ಫಿಶ್ ಬೀಳುತ್ತದೆ. ಹಳಸಿದ ಚೀಸ್, ರಕ್ತ ಕಲಸಿದ ನಾರುವ ಹಿಟ್ಟು ಅಲ್ಲಿ ಅಂಗಡಿಯಲ್ಲೇ ಡಬ್ಬಿಗಟ್ಟಲೆ ಸಿಗುತ್ತದಂತೆ. ಇಷ್ಟೆಲ್ಲ ನಾತ ಹೊತ್ತು ಹೋದವರು ಮೀನು ಬಿದ್ದ ಮೇಲೆ ಅಳತೆ ಪಟ್ಟಿ ತೆಗೆದು, ಇಷ್ಟು ಇಂಚಿಗಿಂತ ಚಿಕ್ಕದು ಬಿಡಬೇಕು, ದಿನಕ್ಕೆ ಇಷ್ಟಕ್ಕಿಂತ ಹೆಚ್ಚು ಇಟ್ಟುಕೊಳ್ಳಬಾರದು ಎಂದು ಲೆಕ್ಕ ಹಾಕುತ್ತಾರೆ. ಸುಖಿಗಳು. ಪಟ್ಟಿ ಹೇಳಿದ್ದೇ ತೀರ್ಪು.

ನಮ್ಮ ಕೆರೆಯಲ್ಲಿ ತೀರ್ಪು ಕೊಡುವವರು ಬಹಳ ಮಂದಿ. ಮೊದಲನೆಯವನು ಕೆರೆ ಗುತ್ತಿಗೆ ಹಿಡಿದವನು. “ಕಟ್ಲಾ, ರೋಹು ಬಿದ್ರೆ ಕೈಮುಗಿದು ವಾಪಸ್ ಬಿಡಿ ಮೇಷ್ಟ್ರೆ. ಮೀಸೆ ಇರೋದು ಬಿದ್ರೆ ಒಂದನ್ನೂ ಬಿಡಬೇಡಿ, ನನ್ನ ಮರಿ ಎಲ್ಲಾ ನುಂಗಿ ಹಾಕ್ತವೆ” ಎಂದು ಮೊದಲೇ ಕರಾರು. ಸಾಮಾನ್ಯ ಗೆಂಡೆಗೂ ನಾಲ್ಕು ಪುಟ್ಟ ಮೀಸೆ ಇರುತ್ತವೆ ಎಂದು ನಾನು ತೋರಿಸಿದ ಮೇಲೆ, “ಅದು ಮೀಸೆ ಅಲ್ಲ, ಚಿಗುರು” ಎಂದ.

ಗಾಳಕ್ಕೂ ಒಂದು ಮಾತಿದೆ. ಎರೆಹುಳವನ್ನು ಮೀನು ಸದ್ದಿಲ್ಲದೆ ಹೊಟ್ಟೆಯವರೆಗೆ ನುಂಗಿಬಿಡುತ್ತದೆ. ಬೆಂಡು ಮುಳುಗಿದ್ದು ಗಮನಿಸದೆ ಬೀಡಿ ಹಚ್ಚುತ್ತ ಕೂತರೆ ಆಮೇಲೆ ಬಿಡುವ ಔದಾರ್ಯ ತೋರಿದರೂ ಮೀನು ಬದುಕುವುದು ಅನುಮಾನ. ಹಾಗೆ ನುಂಗಿದ್ದನ್ನು ಬಿಡಲೇಬೇಕಿದ್ದರೆ ಗಾಳ ಎಳೆಯಬಾರದು, ದಾರ ಕತ್ತರಿಸಿ ಬಿಡಬೇಕು. ಯಾವ ಎರೆ ಎಂದು ಆರಿಸುವಾಗಲೇ ಅರ್ಧ ತೀರ್ಪು ಆಗಿಹೋಗಿರುತ್ತದೆ.

ಇನ್ನು ಚೇಳು ಮೀನು ತನ್ನ ತೀರ್ಪನ್ನು ತಾನೇ ಕೊಡುತ್ತದೆ. ಪಕ್ಕದ ರೆಕ್ಕೆಗಳ ಬುಡದಲ್ಲಿ ಎರಡು ವಿಷದ ಮುಳ್ಳು. ಒದ್ದೆ ಗೋಣಿತಟ್ಟಿನಲ್ಲಿ ತಲೆಯ ಹಿಂಭಾಗ ಅದುಮಿ, ರೆಕ್ಕೆ ಅಲ್ಲಾಡದಂತೆ ಹಿಡಿದು, ಇನ್ನೊಂದು ಕೈಯಲ್ಲಿ ಗಾಳ ಬಿಡಿಸಬೇಕು. ಅಷ್ಟರಲ್ಲಿ ಅದು ಮೈ ಹಿಂಡಿಕೊಂಡು ಜಾರಿ, ಬೆರಳಿಗೊಂದು ಕೊಟ್ಟು ಹೋದರೆ ಕೈ ಮೊಣಕೈವರೆಗೆ ಧಗಧಗ. ಬಿಡುವುದೋ ಇಟ್ಟುಕೊಳ್ಳುವುದೋ ಎಂಬ ಚರ್ಚೆಗೆ ಆಮೇಲೆ ಯಾರೂ ಇರುವುದಿಲ್ಲ.

ಬಾಳೆ ಮೀನು ಬಿದ್ದರೆ ಕಷ್ಟ ಬೇರೆ. ಕಣ್ಣು ದಾಟಿ ಹೋದ ಬಾಯಿ, ಬಾಯಿ ತುಂಬ ಹಲ್ಲು, ಮೀಟರಿಗೂ ಉದ್ದ ಬೆಳೆಯುವ ಮೈ, ಮಾಂಸದೊಳಗೆ ಸಣ್ಣ ಮುಳ್ಳಿನ ಕಾಟವಿಲ್ಲ. ಗುತ್ತಿಗೆದಾರ ಅದನ್ನು ಕಳ್ಳ ಅನ್ನುತ್ತಾನೆ. ಐಯುಸಿಎನ್ ಕೆಂಪು ಪಟ್ಟಿ ಅಪಾಯದಲ್ಲಿರುವ ಜೀವಿ ಅನ್ನುತ್ತದೆ. ಹೆಂಡತಿ “ತುಂಡು ದಪ್ಪ ಹಾಕಿಸ್ಕೊಂಡು ಬನ್ನಿ” ಅನ್ನುತ್ತಾಳೆ. ಮೂವರೂ ಒಟ್ಟಿಗೆ ಏರಿಯ ಮೇಲೆ ಸಿಕ್ಕಿಲ್ಲ ಎಂಬುದೇ ನನ್ನ ಪುಣ್ಯ.

ನಿಜವಾದ ಪಂಚಾಯ್ತಿ ಮುರುಗೋಡು ಎಂಬ ಮೀಸೆ ಮೀನಿನದು. ನಾಡ ಮುರುಗೋಡಿನ ಸಾರಿಗೆ ವಾಟೆಹುಳಿ ಬಿದ್ದರೆ ಮಲೆನಾಡಿನಲ್ಲಿ ಜಗಳಗಳೇ ಮುಂದಕ್ಕೆ ಹೋಗುತ್ತವೆ. ಒಲೆ ಬೂದಿಯಲ್ಲಿ ಉಜ್ಜಿ ಲೋಳೆ ತೆಗೆಯುವಷ್ಟು ಹೊತ್ತು ತಾಳ್ಮೆ ಬೇಕು, ಅಷ್ಟೇ. ಆದರೆ ಈಗ ಕೆರೆಯಲ್ಲಿ ಅದರ ದಾಯಾದಿಯೂ ಇದ್ದಾನೆ, ಆಫ್ರಿಕನ್ ಕ್ಯಾಟ್‌ಫಿಶ್. ಕೇಂದ್ರ ಸರ್ಕಾರ 2000ದಲ್ಲೇ ಸಾಕಣೆ ನಿಷೇಧಿಸಿತು, 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯೂ ಹೊಂಡಗಳಲ್ಲಿದ್ದದ್ದನ್ನು ನಾಶಮಾಡಿ ಎಂದಿತು. ಮೀನಿಗೆ ಆದೇಶ ತಲುಪಿಲ್ಲ. ಗಾಳಿ ಕುಡಿದು ಬದುಕುತ್ತದೆ, ಮಳೆಯಲ್ಲಿ ಒದ್ದೆ ನೆಲದ ಮೇಲೆ ತೆವಳುತ್ತದೆ, ಸಿಕ್ಕಿದ್ದನ್ನೆಲ್ಲ ತಿನ್ನುತ್ತದೆ. ನಾಲ್ಕೈದು ಕೆಜಿ ತೂಗಿದರೆ ಅದು ಪರದೇಶಿಯೇ, ನಮ್ಮದು ಅಷ್ಟು ಬೆಳೆಯುವುದಿಲ್ಲ. ಗೇಣುದ್ದದ್ದು ಬಿದ್ದರೆ ಮಾತ್ರ ನೆತ್ತಿಯ ಹಿಂದಿನ ಮೂಳೆಯ ಆಕಾರ ನೋಡಿ ಹೇಳಬೇಕು. ಏರಿಯ ಮೇಲೆ ಮೂರು ಜನ ಬಗ್ಗಿ ಒಂದು ಮೀನಿನ ನೆತ್ತಿ ತಡವಿ ನಾಲ್ಕು ಅಭಿಪ್ರಾಯ ಕೊಡುತ್ತಾರೆ. ಎರಡನ್ನೂ ಕೂಡಿಸಿದ ಮಿಶ್ರತಳಿಯೂ ಇದೆ ಎಂದು ಯಾರಾದರೂ ನೆನಪಿಸಿದರೆ ಆವತ್ತಿನ ಗಾಳ ಮುಗಿದಂತೆ.

ಹೀಗಾಗಿ ಲೋಕದ ಧರ್ಮ ನಮ್ಮ ಕೆರೆಯಲ್ಲಿ ತಲೆಕೆಳಗು. ಬಾಯಲ್ಲಿ ನೀರೂರಿಸುವ ಮುರುಗೋಡನ್ನು ಬಿಡಬೇಕು, ಯಾರಿಗೂ ಬೇಡದ ಮೀನನ್ನು ಬಿಡಲೇಬಾರದು. ಮುಂಗಾರಿನ ಮೊದಲ ಮಳೆಗೆ ಹತ್ತುಮೀನು ಗದ್ದೆಗೆ ಏರುವಾಗ ಹೊಟ್ಟೆ ತುಂಬ ತತ್ತಿ ಇರುವ ಮುರುಗೋಡು ಸಿಕ್ಕರೆ ನಾನು ಬಿಡುತ್ತೇನೆ. “ನೀವು ಬಿಟ್ರೆ ಕೆಳಗದ್ದೆಯವನು ಕೂಣಿ ಹಾಕ್ತಾನೆ ಮಾರಾಯ್ರೆ” ಎನ್ನುತ್ತಾರೆ ಜೊತೆಗಿರುವವರು. ಹಾಕುತ್ತಾನೆ, ನಿಜ. ಮರುದಿನ ಅವನ ಮನೆಯಿಂದ ಬರುವ ಒಗ್ಗರಣೆಯ ವಾಸನೆಯಲ್ಲಿ ನನ್ನ ಪಾಪಪುಣ್ಯದ ಲೆಕ್ಕವೂ ಸೇರಿರುತ್ತದೆ.

ಆಫ್ರಿಕನ್ ಮೀನು ನಮ್ಮ ಹೊಸ್ತಿಲು ದಾಟಿಲ್ಲ. “ಕೋಳಿ ಕರುಳು ತಿಂದು ಬೆಳೆದಿದ್ದು ನಮಗ್ಯಾಕೆ?” ಎಂದು ಹೆಂಡತಿಯ ಕಟ್ಟಪ್ಪಣೆ. ಹಿಂದಿನ ವಾರ ಚಪ್ಪರಿಸಿ ಉಂಡ ಮೀನು ಗಾಳಕ್ಕೆ ಬಂದದ್ದೂ ಅದೇ ಕರುಳಿಗೆ ಎಂದು ನಾನು ಬಾಯಿ ಬಿಡಲಿಲ್ಲ. ಕೋಳಿ ಅಂಗಡಿಯವನೂ ತನ್ನ ಪಾಲಿಗೆ ಅದು ಬೇಡವೆಂದ. ಹೀಗೆ ಬಿದ್ದವೆಲ್ಲ ಈಗ ಹಿತ್ತಲಿನ ಅಡಿಕೆ ಬುಡದಲ್ಲಿ ಗುಂಡಿ ಸೇರುತ್ತಿವೆ. ಆ ಮಣ್ಣಿನಲ್ಲಿ ಬೆರಳು ದಪ್ಪದ ಎರೆಹುಳ ಎದ್ದಿವೆ, ಅವನ್ನು ತೆಗೆಯಲು ಮನೆಯಲ್ಲಿ ಅಪ್ಪಣೆಯೂ ಸಿಕ್ಕಿದೆ. ಷರತ್ತು ಇಷ್ಟೇ: ಅಡಿಕೆ ಬೇರು ಕಡಿಯಬಾರದು, ಗುದ್ದಲಿ ತೊಳೆದು ಇಡಬೇಕು, ಬಚ್ಚಲಿಗೆ ಹೋಗದೆ ಒಳಗೆ ಕಾಲಿಡಬಾರದು.